ಕೆರೆಯೂ ಕೆರೆ ಕಟ್ಟಿದವನೂ

ಕೃತಕ ಬುದ್ಧಿಮತ್ತೆಯ ಮಾತು ಇಂದು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದಂದಿನಿಂದ ಯಾವ ಉದ್ಯೋಗ ಉಳಿದೀತು, ಯಾವುದು ಅಳಿದೀತು ಎಂಬ ಲೆಕ್ಕಾಚಾರವೇ ಚರ್ಚೆಯ ಬಹುಭಾಗವನ್ನು ಆಕ್ರಮಿಸಿದೆ. ದುಡಿಮೆಯು ದುಡಿಯುವವನನ್ನು ಏನಾಗಿ ಮಾಡುತ್ತದೆ ಎಂಬ ಪ್ರಶ್ನೆ ಇದಕ್ಕಿಂತ ಬಹಳ ಹಳೆಯದು. ಆ ಪ್ರಶ್ನೆಯನ್ನು ನಮ್ಮ ಸೊಲ್ಲಾಪುರದ ನೆಲದ ಮೇಲೆ ನಿಂತೇ ಎತ್ತಿದ ಎರಡು ಕನ್ನಡ ಕೃತಿಗಳಿವೆ: ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಮತ್ತು ‘ಶೂನ್ಯಸಂಪಾದನೆ’. ಸಮ್ಮೇಳನದ ಈ ಸಂದರ್ಭದಲ್ಲಿ ಅವೆರಡನ್ನೂ ಇಂದಿನ ಸಮಸ್ಯೆಯ ಎದುರಿಗಿಟ್ಟು ಓದುವುದು ಈ ಲೇಖನದ ಉದ್ದೇಶ.

ರಾಘವಾಂಕನ ಷಟ್ಪದಿ ಕಾವ್ಯದಲ್ಲಿ ಬಾಲಕ ಸಿದ್ಧರಾಮನು ದನ ಕಾಯುವ ಮುಗ್ಧ. ಜಂಗಮ ರೂಪದಲ್ಲಿ ಬಂದ ಮಲ್ಲಯ್ಯ ಹಸಿವೆಂದಾಗ ಅವನು ಉಣಿಸು ತರಲು ಮನೆಗೆ ಓಡುತ್ತಾನೆ. ಮರಳಿ ಬರುವಷ್ಟರಲ್ಲಿ ಮಲ್ಲಯ್ಯ ಕಾಣೆಯಾಗಿರುತ್ತಾನೆ. ಅವನನ್ನು ಕೂಗುತ್ತ, ಅಳುತ್ತ, ಹುಡುಗ ಶ್ರೀಶೈಲದವರೆಗೆ ನಡೆಯುತ್ತಾನೆ. ಅಲ್ಲಿಯ ಜನ ಮಲ್ಲಿಕಾರ್ಜುನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಹುಡುಗ ಒಪ್ಪುವುದಿಲ್ಲ. ತನ್ನೊಡನೆ ಮಾತನಾಡಿದ ಮಲ್ಲಯ್ಯನೇ ಅವನಿಗೆ ಬೇಕು.

ಇಲ್ಲಿ ಕವಿಯ ಸೂಕ್ಷ್ಮತೆಯನ್ನು ಗಮನಿಸಬೇಕು. ಜನ ಕೊಟ್ಟ ಉತ್ತರ ಶಾಸ್ತ್ರಕ್ಕೆ ಸಮ್ಮತವಾದದ್ದೇ, ಸುಳ್ಳೇನೂ ಅಲ್ಲ. ಆದರೂ ಅದು ಹುಡುಗನು ತಾನೇ ಕಂಡುಕೊಂಡ ಉತ್ತರವಲ್ಲವಾದ್ದರಿಂದ ಅವನಿಗೆ ಸಲ್ಲದು. ಮುಂದೆ ಸೊನ್ನಲಿಗೆಗೆ ಮರಳಿ, ಅದನ್ನು ಎರಡನೆಯ ಶ್ರೀಶೈಲವಾಗಿಸಿ, ಕೆರೆ ಕಟ್ಟಿಸುವ ಸಾಮರ್ಥ್ಯ ಅವನಿಗೆ ಬಂದದ್ದು ಆ ನಡಿಗೆಯಿಂದ, ಆ ಹುಡುಕಾಟದಿಂದ. ಕೇಳಿದ ಕ್ಷಣವೇ ಸಿದ್ಧ ಉತ್ತರ ದೊರೆಯುವ ಈ ಕಾಲದಲ್ಲಿ ನಮ್ಮ ಮಕ್ಕಳಿಗೆ ಈ ಪ್ರಸಂಗವನ್ನು ಮತ್ತೆ ಓದಿಸಬೇಕಾಗಿದೆ.

‘ಶೂನ್ಯಸಂಪಾದನೆ’ ಇನ್ನೂ ಕಠಿಣವಾದ ಮಾತನ್ನಾಡುತ್ತದೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗ ಕೆರೆಯ ಕೆಲಸ ಸಾಗಿದೆ. ಆತ ಸಿದ್ಧರಾಮನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಕೆಲಸಗಾರರು ಸಿಟ್ಟಿನಿಂದ ಕಲ್ಲೆಸೆಯುತ್ತಾರೆ. ಮಣ್ಣು ಹೊರುವ ಕಾಯಕವನ್ನು ಅಲ್ಲಮ ಹೀಗಳೆದನೆಂದು ಓದುವುದು ಸರಿಯಲ್ಲ. ಕೆರೆಯನ್ನು ಮುಚ್ಚಿಸೆಂದು ಆತ ಹೇಳಲಿಲ್ಲ. ಕೆರೆ ಬೆಳೆಯುತ್ತಿದೆ, ಅದನ್ನು ಕಟ್ಟುವ ನೀನು ಬೆಳೆಯುತ್ತಿದ್ದೀಯಾ ಎಂಬುದು ಆ ಕೆಣಕಿನ ಒಳಗಿನ ಪ್ರಶ್ನೆ. ಆ ಸಂವಾದದ ಬಳಿಕವೇ ಸಿದ್ಧರಾಮನು ಕಲ್ಯಾಣದ ದಾರಿ ಹಿಡಿದದ್ದು. ದುಡಿಮೆಗೆ ಎರಡು ಫಲಗಳು: ಒಂದು ಹೊರಗಿನ ಕೆರೆ, ಇನ್ನೊಂದು ಒಳಗಿನ ಮನುಷ್ಯ. ಯಂತ್ರದ ವಿಷಯದಲ್ಲಿ ನಮ್ಮ ವಿಮರ್ಶೆಗೆ ಬೇಕಾದ ಅಳತೆಗೋಲು ಇದೇ.

ಈ ಅಳತೆಗೋಲನ್ನು ಮೊದಲು ನಮ್ಮೂರಿನ ಮಗ್ಗಕ್ಕೆ ಹಿಡಿದು ನೋಡೋಣ. 1877ರಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿ ಹುಟ್ಟಿತು. ಸೊಲ್ಲಾಪುರದ ಚಾದರವು ಜಕಾರ್ಡ್ ಮಗ್ಗದ ಕೂಸು. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದಲ್ಲಿ ರಟ್ಟಿನ ಪಟ್ಟಿಯ ತೂತುಗಳೇ ಆಜ್ಞೆಗಳು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ. ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ನಡುವೆ ಹೊಕ್ಕು ಹಾಯುತ್ತದೆ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣಕಯಂತ್ರದ ಕಲ್ಪನೆಗೆ ಈ ತೂತಿನ ಪಟ್ಟಿಯನ್ನೇ ಎರವಲು ಪಡೆದನು. ಆ ಯಂತ್ರ ತಾನಾಗಿ ಹೊಸತೇನನ್ನೂ ಹುಟ್ಟಿಸಲಾರದು, ನಾವು ಆಜ್ಞಾಪಿಸಬಲ್ಲದ್ದನ್ನಷ್ಟೇ ಮಾಡೀತು ಎಂದು 1843ರಲ್ಲಿ ಏಡಾ ಲವ್‌ಲೇಸ್ ಬರೆದಳು. ಗಣಕದ ಪೂರ್ವಜ ನಮ್ಮ ಚಾದರದ ಮಗ್ಗದ ನೆತ್ತಿಯ ಮೇಲೆ ಕುಳಿತಿದ್ದಾನೆಂದರೆ ಅತಿಶಯೋಕ್ತಿಯಲ್ಲ.

ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ನವಿಲನ್ನೋ ಬಳ್ಳಿಯನ್ನೋ ಬರೆದು, ಅದನ್ನು ತೂತುಗಳಾಗಿಸುವುದು ಒಂದು ವಿದ್ಯೆ. ಗಣಕ ಈ ಶ್ರಮವನ್ನು ಬಹಳಷ್ಟು ಕಡಿಮೆ ಮಾಡಿದೆ, ಅದು ಸ್ವಾಗತಾರ್ಹ. ಆದರೆ ಆ ಚೌಕಳಿಯ ಬೇಸರದ ಕೆಲಸದಲ್ಲಿಯೇ ಹೊಸಬನ ಕಣ್ಣು ಪಳಗುತ್ತಿತ್ತು. ಯಾವ ಎಳೆ ಎಲ್ಲಿ ಸಡಿಲಾದೀತು, ಯಾವ ಬಣ್ಣ ಎಲ್ಲಿ ಮಂಕಾದೀತು ಎಂಬುದು ತಿಳಿಯುತ್ತಿತ್ತು. ಮಗ್ಗವನ್ನು ಬಲ್ಲವನ ಕೈಗೆ ಗಣಕ ಬಂದರೆ ಅದು ಉಪಕರಣ. ಮಗ್ಗವನ್ನೇ ಅರಿಯದವನು ಗಣಕದ ಚಿತ್ರವನ್ನು ಪರೀಕ್ಷಿಸುವುದಾದರೂ ಹೇಗೆ? ಮೇಲಿನ ಮೆಟ್ಟಿಲ ಮೇಲೆ ನಿಂತವರಿಗೆ ಲಾಭ. ಕೆಳಗಿನ ಮೆಟ್ಟಿಲೇ ಇಲ್ಲವಾದರೆ ಮುಂದಿನವರು ಹತ್ತುವುದೆಲ್ಲಿಂದ?

ಇದೇ ಪ್ರಶ್ನೆ ಇಂದು ಭಾಷೆಯ ಕೆಲಸಕ್ಕೂ ಬಂದಿದೆ. ಎರಡು ಭಾಷೆಗಳ ನಡುವೆ ಬದುಕುವುದು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರ ಸಹಜ ಸಂಪತ್ತು. ಇದಕ್ಕೆ ಜಯದೇವಿತಾಯಿ ಲಿಗಾಡೆಯವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮರಾಠಿಯಲ್ಲಿ ಶಾಲೆ ಕಲಿತ ಅವರು ಕನ್ನಡವನ್ನು ಆಮೇಲೆ ತಾವಾಗಿ ಕಲಿತರು. ವಚನಗಳನ್ನು ಮರಾಠಿಗೆ ತಂದರು. ಸಿದ್ಧರಾಮನನ್ನು ಕುರಿತು ತ್ರಿಪದಿಯಲ್ಲಿ ಪುರಾಣ ರಚಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಇಂದಿನ ಯಂತ್ರ ಅಂದು ಇದ್ದಿದ್ದರೆ ವಚನದ ಮರಾಠಿ ಅನುವಾದ ನಿಮಿಷದಲ್ಲಿ ಅವರ ಕೈಸೇರುತ್ತಿತ್ತು. ಆದರೆ ಒಂದೊಂದು ಮಾತಿನೊಡನೆ ಸೆಣಸಿ ಬೆಳೆದ ಆ ಕವಯಿತ್ರಿ ನಮಗೆ ದೊರೆಯುತ್ತಿದ್ದರೇ?

ಯಂತ್ರಾನುವಾದದ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು. 2022ರಲ್ಲಿ ಕೇಂದ್ರ ಸರ್ಕಾರದ ‘ಭಾಷಿಣಿ’ ಆರಂಭವಾಯಿತು. ಮರಾಠಿಯ ಸರ್ಕಾರಿ ಸುತ್ತೋಲೆ ಅಕ್ಕಲಕೋಟೆ ತಾಲೂಕಿನ ರೈತನಿಗೆ ತನ್ನ ಕನ್ನಡದಲ್ಲಿ ಕೇಳಿಸಿದರೆ ಅದಕ್ಕಿಂತ ಬೇರೇನು ಬೇಕು? ಕೆರೆಯ ನೀರು ಬಾಯಾರಿದವನಿಗೆ, ಕಟ್ಟಿದವರು ಯಾರೆಂದು ಕೇಳಿ ದಣಿವಾರಿಸುವುದಿಲ್ಲ. ಆದರೆ ಅರ್ಜಿ ಬರೆದುಕೊಡುವುದು, ಕರಡು ತಿದ್ದುವುದು, ಆಮಂತ್ರಣ ಪತ್ರಿಕೆ, ಜಾಹೀರಾತುಗಳನ್ನು ಅನುವಾದಿಸುವುದು, ಇವು ದ್ವಿಭಾಷಿಕ ತರುಣನಿಗೆ ಮೊದಲ ಗಳಿಕೆಯೂ ಹೌದು, ಮೊದಲ ಕಲಿಕೆಯೂ ಹೌದು. ಯಂತ್ರ ಮೊದಲು ಕೈಯಿಕ್ಕುವುದು ಈ ಸಣ್ಣ ಕೆಲಸಗಳಿಗೇ. ನುರಿತ ಅನುವಾದಕ ಯಂತ್ರದ ತಪ್ಪನ್ನು ತಿದ್ದಬಲ್ಲ. ನುರಿಯುವ ಅವಕಾಶವೇ ಇಲ್ಲದವನು ಅದನ್ನು ನಂಬಬೇಕಾಗುತ್ತದೆ. ಕನ್ನಡ ಶಾಲೆಯಲ್ಲಿ ಓದಿ ಮರಾಠಿ ನಾಡಿನಲ್ಲಿ ಬದುಕು ಕಟ್ಟಬೇಕಾದ ನಮ್ಮ ಮಕ್ಕಳಿಗೆ ಇದು ಬರಿಯ ತತ್ತ್ವಚಿಂತನೆಯ ವಿಷಯವಲ್ಲ.

ಆದುದರಿಂದ ಸಂಘಗಳು ಮಾಡಬಹುದಾದ ಕೆಲಸಗಳಿವೆ. ಪ್ರಬಂಧ, ಕವನ ಸ್ಪರ್ಧೆಗಳಲ್ಲಿ ಬರಹದ ಜೊತೆಗೆ ಅದರ ಮೊದಲ ಕರಡನ್ನೂ ತರಿಸಿ, ಬರೆದವರು ತಮ್ಮ ಬರಹವನ್ನು ಎದುರಿಗೆ ನಿಂತು ವಿವರಿಸುವಂತೆ ಮಾಡಬೇಕು. ಸಂಘದ ಮರಾಠಿ, ಕನ್ನಡ ಪತ್ರವ್ಯವಹಾರವನ್ನು ತರುಣರು ಮೊದಲು ತಾವೇ ಅನುವಾದಿಸಿ, ಬಳಿಕ ಯಂತ್ರದ ಅನುವಾದದೊಡನೆ ಹೋಲಿಸಲಿ. ಆ ಕೆಲಸಕ್ಕೆ ಅವರಿಗೆ ಗೌರವಧನವೂ ಸಲ್ಲಲಿ. ಹೊಲ ಹರಗುವುದು, ಎಡೆ ಹೊಡೆಯುವುದು, ಕೂರಿಗೆ ಹೂಡುವುದು, ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವುದು ಇಂಥ ಮಾತುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ಮಕ್ಕಳು ಬರೆದಿಡಲಿ. ಬರಹಕ್ಕೆ ಬಾರದ ನುಡಿಯನ್ನು ಯಂತ್ರವೂ ಕಲಿಯಲಾರದು. ನಾವೇ ಮರೆತರೆ ಕಲಿಸುವವರೂ ಉಳಿಯರು.

ಪ್ರತಿ ಸಂಕ್ರಾಂತಿಗೆ ಸಿದ್ಧರಾಮನ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಅವನ್ನು ಹೊರುವವರು ಹಬ್ಬಕ್ಕೆ ಬಹಳ ಮೊದಲೇ ಅಭ್ಯಾಸ ಆರಂಭಿಸುತ್ತಾರೆ. ಧ್ವಜಗಳನ್ನು ಗಾಡಿಯಲ್ಲಿರಿಸಿ ಸುತ್ತಿಸುವುದು ಎಷ್ಟೋ ಸುಲಭ. ಆದರೂ ಸೊಲ್ಲಾಪುರದಲ್ಲಿ ಯಾರೂ ಆ ಸಲಹೆ ಕೊಡುವುದಿಲ್ಲ. ಹೊರುವ ಭುಜಗಳನ್ನು ತಯಾರಿಸುವುದೂ ಜಾತ್ರೆಯ ಭಾಗವೆಂದು ಎಲ್ಲರೂ ಬಲ್ಲರು. ಯಾವ ಭಾರವನ್ನು ಯಂತ್ರಕ್ಕೆ ಒಪ್ಪಿಸಬೇಕು, ಯಾವುದನ್ನು ನಮ್ಮ ಮಕ್ಕಳ ಭುಜದ ಮೇಲೆಯೇ ಉಳಿಸಬೇಕು ಎಂಬ ಈ ವಿವೇಕವನ್ನು ಅಕ್ಷರದ ಕೆಲಸಕ್ಕೂ ನಾವು ಅನ್ವಯಿಸಿಕೊಳ್ಳಬೇಕಾಗಿದೆ.