ರಜಿಯಾ ಸಜ್ಜಾದ್ ಜಹೀರ್: ಗಂಡನ ಹೆಸರಿನ ನೆರಳಲ್ಲಿ ನಿಂತ ಲೇಖಕಿ

ಮಗಳ ಹನ್ನೆರಡನೇ ಕ್ಲಾಸಿನ ಹಿಂದಿ ಪುಸ್ತಕದಲ್ಲಿ 'ನಮಕ್' ಅಂತ ಒಂದು ಕಥೆ ಇತ್ತು. ಊರು ಬಿಟ್ಟು ಮುಂಬೈ, ದೆಹಲಿ, ಹೈದರಾಬಾದುಗಳಲ್ಲಿ ನೆಲೆಸಿ ಮಕ್ಕಳನ್ನು ಸಿಬಿಎಸ್‌ಇ ಶಾಲೆಗೆ ಹಾಕಿದ ನಿಮ್ಮಲ್ಲಿ ಹಲವರ ಮನೆಗೂ ಆ ಪುಸ್ತಕ ಬಂದು ಹೋಗಿರುತ್ತೆ. ಪರೀಕ್ಷೆ ಮುಗಿದ ಮೇಲೆ ರದ್ದಿಗೂ ಹೋಗಿರುತ್ತೆ. ನಾನು ಅದನ್ನು ಎತ್ತಿಟ್ಟುಕೊಂಡೆ. ಲೇಖಕಿಯ ಹೆಸರು ರಜಿಯಾ ಸಜ್ಜಾದ್ ಜಹೀರ್. ಈ ಹೆಸರನ್ನು ಹೇಳಿದ ಕೂಡಲೇ ಸಾಹಿತ್ಯ ಬಲ್ಲ ಗೆಳೆಯರು ಕೇಳಿದ್ದು ಒಂದೇ ಮಾತು: 'ಓಹೋ, ಸಜ್ಜಾದ್ ಜಹೀರ್ ಹೆಂಡತಿ ಅಲ್ವಾ?'

ಹೌದು, ಹೆಂಡತಿಯೇ. ಸಜ್ಜಾದ್ ಜಹೀರ್ ಯಾರು ಅಂತ ಹೆಚ್ಚು ಹೇಳಬೇಕಾಗಿಲ್ಲ. 1932ರ 'ಅಂಗಾರೆ' ಸಂಕಲನದ ನಾಲ್ವರಲ್ಲಿ ಒಬ್ಬರು, ಪ್ರಗತಿಶೀಲ ಲೇಖಕರ ಸಂಘ ಕಟ್ಟಿದವರು, ಕಮ್ಯುನಿಸ್ಟ್ ನಾಯಕ. ದೇಶ ವಿಭಜನೆಯಾದ ಮೇಲೆ ಪಕ್ಷದ ನಿರ್ಧಾರದಂತೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿಯಾದರು. 1951ರಲ್ಲಿ ರಾವಲ್ಪಿಂಡಿ ಒಳಸಂಚಿನ ಮೊಕದ್ದಮೆಯಲ್ಲಿ ಫೈಜ್ ಜೊತೆ ಜೈಲಿಗೆ ಬಿದ್ದರು. 1955ರಲ್ಲಿ ಬಿಡುಗಡೆಯಾಗಿ ಭಾರತಕ್ಕೆ ಮರಳಿದರು. ಇದನ್ನೆಲ್ಲ ಚರಿತ್ರೆಯ ಪುಸ್ತಕಗಳು ವಿವರವಾಗಿ ಬರೆದಿವೆ. ಆ ವರ್ಷಗಳಲ್ಲಿ ಲಖನೌದಲ್ಲಿ ಅಡುಗೆಮನೆ ಹೇಗೆ ನಡೀತು ಅನ್ನೋದನ್ನು ಮಾತ್ರ ನಾವೇ ಹುಡುಕಬೇಕು.

ರಜಿಯಾ ಹುಟ್ಟಿದ್ದು ಅಜ್ಮೀರದಲ್ಲಿ. ಬಿ.ಎ. ತನಕ ಮನೆಯಲ್ಲೇ ಕೂತು ಓದಿದರು. 1938ರಲ್ಲಿ ಮದುವೆ. ಅಲಾಹಾಬಾದಿನಿಂದ ಉರ್ದು ಎಂ.ಎ. ಪಡೆದದ್ದು ಮದುವೆಯ ನಂತರ. ಎರಡೇ ವರ್ಷಕ್ಕೆ, 1940ರಲ್ಲಿ, ಗಂಡ ಬ್ರಿಟಿಷರ ಜೈಲು ಸೇರಿದರು. ಅಲ್ಲಿಂದ ಅವರು ಹೆಂಡತಿಗೆ ಬರೆದ ಕಾಗದಗಳು 'ನುಕೂಶ್-ಎ-ಜಿಂದಾನ್' ಎಂಬ ಪುಸ್ತಕವಾದವು. ಪ್ರೀತಿ ತುಂಬಿದ ಕಾಗದಗಳು ಅಂತ ಎಲ್ಲರೂ ಹೊಗಳ್ತಾರೆ. ನನಗೆ ಮಾತ್ರ ಒಂದು ಕಿರಿಕಿರಿ. ಅದರಲ್ಲಿ ಕೇಳಿಸೋದು ಗಂಡಿನ ದನಿ. ಜೈಲಿನೊಳಗಿನವನ ಏಕಾಂತ ಸಾಹಿತ್ಯ ಆಯ್ತು, ಹೊರಗಿದ್ದವಳ ದಿನಚರಿ ಆಗಲಿಲ್ಲ.

ಆಮೇಲೆ ಮುಂಬೈ. ನಲವತ್ತರ ದಶಕದಲ್ಲಿ ವಾಲ್ಕೇಶ್ವರ ರಸ್ತೆಯ ಸೀಕ್ರಿ ಭವನದಲ್ಲಿ ಇವರ ವಾಸ. ಪ್ರಗತಿಶೀಲರ ವಾರದ ಸಭೆಗಳು ಅಲ್ಲೇ ಸೇರುತ್ತಿದ್ದವು. ಕೈಫಿ, ಸರ್ದಾರ್ ಜಾಫ್ರಿ, ಇಸ್ಮತ್ ಎಲ್ಲರ ಓಡಾಟ ಇದ್ದ ಕಾಲ. ಆ ಕಾಲದ ನೆನಪುಗಳಲ್ಲಿ ರಜಿಯಾ ಹೆಚ್ಚಾಗಿ ಮನೆಯೊಡತಿಯಾಗಿಯೇ ಸುಳಿದು ಹೋಗ್ತಾರೆ. ಹೆಣ್ಣಿನ ಬಿಡುಗಡೆಯ ಮಾತಾಡಿದ ಚಳವಳಿಯೂ ತನ್ನ ಮನೆಯ ಹೆಣ್ಣನ್ನು ನೋಡೋ ಹೊತ್ತಿಗೆ ಹಳೆಯ ಕನ್ನಡಕವನ್ನೇ ಹಾಕಿಕೊಳ್ತು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ.

1947ರ ನಂತರ ಲಖನೌ. ಗಂಡ ಗಡಿಯಾಚೆ, ಕೈಯಲ್ಲಿ ಮೂವರು ಹೆಣ್ಣುಮಕ್ಕಳು. ನಾಲ್ಕನೆಯ ಮಗಳು ನೂರ್ ಹುಟ್ಟಿದ್ದು ತಂದೆ ಮರಳಿದ ಮೇಲೆ. ರಜಿಯಾ ಕರಾಮತ್ ಹುಸೇನ್ ಗರ್ಲ್ಸ್ ಕಾಲೇಜಿನಲ್ಲಿ ಪಾಠ ಮಾಡಿದರು, ಕಥೆ ಬರೆದರು, ಎಲ್ಲಕ್ಕಿಂತ ಹೆಚ್ಚಾಗಿ ಅನುವಾದ ಮಾಡಿದರು. ಉರ್ದುವಿಗೆ ಅವರು ತಂದ ಪುಸ್ತಕಗಳು ಸುಮಾರು ನಲವತ್ತು! ಬ್ರೆಕ್ಟ್‌ನ 'ಗೆಲಿಲಿಯೋ' ನಾಟಕ ಅದರಲ್ಲಿದೆ, ಹಿಂದಿಯ ಸಿಯಾರಾಮಶರಣ ಗುಪ್ತರ 'ನಾರಿ' ಇದೆ. ನಲವತ್ತು ಪುಸ್ತಕ ಅಂದರೆ ಒಂದು ಇಡೀ ಬರವಣಿಗೆಯ ಬದುಕು. ಆದರೆ ಅನುವಾದವನ್ನು ನಾವು ಸಾಹಿತ್ಯ ಅಂತ ಎಣಿಸೋದೇ ಇಲ್ಲ. ಕನ್ನಡದಲ್ಲೂ ಹಾಗೇ ನೋಡಿ. ಸಾರಾ ಅಬೂಬಕ್ಕರ್ ಅಂದರೆ 'ಚಂದ್ರಗಿರಿಯ ತೀರದಲ್ಲಿ' ನೆನಪಾಗುತ್ತೆ, ಮಲಯಾಳದಿಂದ ಅವರು ಕನ್ನಡಕ್ಕೆ ತಂದದ್ದು ಎಷ್ಟು ಜನಕ್ಕೆ ನೆನಪಿದೆ? ರಜಿಯಾರ ಮಟ್ಟಿಗೆ ಅನುವಾದ ಹವ್ಯಾಸ ಆಗಿರಲಿಲ್ಲ, ಮನೆಖರ್ಚು. ಗಂಡನ ರಾಜಕಾರಣದಿಂದ ಮನೆಗೆ ಬರುತ್ತಿದ್ದದ್ದು ಗೌರವ, ಅಕ್ಕಿಬೇಳೆ ಬರುತ್ತಿದ್ದದ್ದು ಇವಳ ಲೇಖನಿಯಿಂದ ಅಂತ ನನ್ನ ಲೆಕ್ಕ.

ಈಗ 'ನಮಕ್' ಕಥೆಗೆ ಬರೋಣ. ಸಫಿಯಾ ಒಂದು ಕೀರ್ತನೆಗೆ ಹೋಗಿರುತ್ತಾಳೆ. ಅಲ್ಲಿ ಒಬ್ಬ ಸಿಖ್ ಮುದುಕಿ. ಮುಖ, ಮೈಕಟ್ಟು ಎಲ್ಲ ಸಫಿಯಾಳ ಅಮ್ಮನದೇ. ಅಮ್ಮ ಮುಹರ್ರಮ್‌ನಲ್ಲಿ ಹೊದೆಯುತ್ತಿದ್ದಂಥದೇ ತೆಳು ಬಿಳಿ ಮಲ್ಮಲ್ ದುಪಟ್ಟಾ. ಈಕೆ ಲಾಹೋರಿಗೆ ಹೋಗ್ತಿದ್ದಾಳೆ ಅಂತ ತಿಳಿದು, ಬರುವಾಗ ಲಾಹೋರಿ ಉಪ್ಪು ಸಿಕ್ಕರೆ ತಾ ಅಂತ ಆಕೆ ಕೇಳ್ತಾಳೆ. ಬಂಗಾರವಲ್ಲ, ರೇಷ್ಮೆಯಲ್ಲ, ಉಪ್ಪು. ಲಾಹೋರಿನಲ್ಲಿ ಸಫಿಯಾಳ ತಮ್ಮ ಪೊಲೀಸ್ ಅಧಿಕಾರಿ. ಉಪ್ಪು ಒಯ್ಯುವುದು ಕಾನೂನಿಗೆ ವಿರುದ್ಧ ಅಂತಾನೆ, ಈ ಬರಹಗಾರರ ತಲೆಯೇ ಸ್ವಲ್ಪ ಸರಿ ಇರೋದಿಲ್ಲ ಅಂತ ಗೇಲಿಯನ್ನೂ ಮಾಡ್ತಾನೆ. ಸಫಿಯಾಳದು ಒಂದೇ ಹಠ. ಸಯ್ಯಿದ್ ಮನೆತನದವಳಾಗಿ ಕೊಟ್ಟ ಮಾತು ತಪ್ಪುವುದು ಹೇಗೆ?

ಈ ಜಾಗದಲ್ಲಿ ನೀವು ಸ್ವಲ್ಪ ನಿಂತು ಓದಬೇಕು. ಕಮ್ಯುನಿಸ್ಟ್ ನಾಯಕನ ಹೆಂಡತಿ ಬರೆದ ಕಥೆಯಲ್ಲಿ ಮಾನವೀಯತೆಯ ವಾದ ಹುಟ್ಟೋದು ಸಿದ್ಧಾಂತದಿಂದ ಅಲ್ಲ. ಮುಹರ್ರಮ್ ದುಪಟ್ಟಾದಿಂದ, ಸಯ್ಯಿದರ ಮಾತಿನ ನಿಷ್ಠೆಯಿಂದ. ಅಮ್ಮನ ಮನೆಯಿಂದ ತಂದ ನೀತಿ ಅದು. ಕುಲದ ಹೆಮ್ಮೆಯೂ ಅದರಲ್ಲಿ ಇಲ್ಲದಿಲ್ಲ, ಆ ಹೆಮ್ಮೆಯನ್ನು ನಾನು ಪ್ರಶ್ನಿಸದೆ ಬಿಡಲಾರೆ. ಆದರೆ ಪ್ರಗತಿಶೀಲರ ಎಷ್ಟೋ ಕಥೆಗಳಲ್ಲಿ ಧರ್ಮದ ಮನೆ ಬರೀ ಕತ್ತಲೆಯ ಮನೆ. ಇಲ್ಲಿ ಆ ಮನೆಗೂ ಒಂದು ದೀಪ ಇದೆ.

ಉಪ್ಪನ್ನು ಮೊದಲು ಕಿನ್ನೂ ಹಣ್ಣಿನ ಬುಟ್ಟಿಯ ತಳದಲ್ಲಿ ಬಚ್ಚಿಡ್ತಾಳೆ. ಕೊನೆಗೆ, ಪ್ರೀತಿಯ ಕಾಣಿಕೆಯನ್ನು ಕಳ್ಳಮಾಲಿನಂತೆ ಒಯ್ಯುವುದಿಲ್ಲ ಅಂತ ತಾನೇ ಹೊರಗೆ ತೆಗೀತಾಳೆ. ಕಥೆಯ ಜೀವ ಇರೋದು ಈ ತೀರ್ಮಾನದಲ್ಲಿ. ಲಾಹೋರಿನ ಕಸ್ಟಮ್ಸ್ ಅಧಿಕಾರಿ ದೆಹಲಿಯವನು, ಜಾಮಾ ಮಸೀದಿಯ ಮೆಟ್ಟಿಲುಗಳಿಗೆ ಸಲಾಮ್ ಹೇಳಿ ಕಳಿಸ್ತಾನೆ. ಅಮೃತಸರದ ಅಧಿಕಾರಿ ಸುನೀಲ್ ದಾಸ್‌ಗುಪ್ತ ಢಾಕಾದವನು, ತನ್ನೂರಿನ ಎಳನೀರನ್ನು ನೆನೀತಾನೆ. ಎರಡೂ ಕಡೆ ಇಷ್ಟು ಒಳ್ಳೆಯವರೇ ಸಿಗಬೇಕಾ? ಹೆಣಿಗೆ ಅತಿಯಾಗಿ ಜೋಡಿ ಜೋಡಿಯಾಯ್ತು ಅಂತ ನನಗೂ ಅನಿಸಿತು. ಮಂಟೋ ಗಡಿಯಲ್ಲಿ ಒಬ್ಬ ಹುಚ್ಚನನ್ನು ನಿಲ್ಲಿಸಿ ನಮ್ಮ ನಿದ್ದೆ ಕೆಡಿಸಿದ. ರಜಿಯಾ ನಿಲ್ಲಿಸಿದ್ದು ಸಂಬಳದ ನೌಕರರನ್ನು, ಕಾನೂನು ಗೊತ್ತಿದ್ದೂ ಊರು ಮರೆಯದವರನ್ನು. ಮಂಟೋ ಎತ್ತರಕ್ಕೆ ಈ ಕಥೆ ಏರೋದಿಲ್ಲ. ಆದರೂ ಇದನ್ನು ಭೋಳೆತನ ಅಂತ ತಳ್ಳಿಹಾಕಲಾರೆ. ಇದೇ ಗಡಿಯಿಂದಾಗಿ ವರ್ಷಗಟ್ಟಲೆ ಗಂಡನಿಲ್ಲದೆ ಸಂಸಾರ ನಡೆಸಿದ ಹೆಂಗಸು ಬರೆದ ಕಥೆ ಇದು. ತನ್ನ ಕಷ್ಟವನ್ನು ಕಥೆಯಾಗಿಸೋ ಎಲ್ಲ ಹಕ್ಕೂ ಆಕೆಗಿತ್ತು. ಆಕೆ ಆರಿಸಿಕೊಂಡದ್ದು ಪಕ್ಕದವಳ ಒಂದು ಪೊಟ್ಟಣ ಉಪ್ಪನ್ನು. ನಾಯಕನಾದ ಗಂಡನಿಗೆ ಕಥೆಯಲ್ಲಿ ಪಾತ್ರವೇ ಇಲ್ಲ.

1965ರಲ್ಲಿ ಸೋವಿಯತ್ ಮಾಹಿತಿ ವಿಭಾಗದಲ್ಲಿ ಕೆಲಸ, ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ, ಉತ್ತರ ಪ್ರದೇಶ ಉರ್ದು ಅಕಾಡೆಮಿಯ ಮನ್ನಣೆ, 'ಅಲ್ಲಾ ಮೇಘ್ ದೇ' ಕಾದಂಬರಿ. 1973ರಲ್ಲಿ ಆಲ್ಮಾ ಆಟಾದಲ್ಲಿ ಲೇಖಕರ ಸಮ್ಮೇಳನಕ್ಕೆ ಹೋಗಿದ್ದ ಗಂಡ ಅಲ್ಲೇ ತೀರಿಕೊಂಡರು. ರಜಿಯಾ ಹೋದದ್ದು 1979ರ ಡಿಸೆಂಬರ್ 18ರಂದು. 'ಜರ್ದ್ ಗುಲಾಬ್' ಕಥಾಸಂಕಲನ ಪುಸ್ತಕವಾಗಿ ಬಂದಾಗ ನೋಡಲು ಅವರು ಇರಲಿಲ್ಲ. ಮಕ್ಕಳಲ್ಲಿ ನಾದಿರಾ ಜಹೀರ್ ಬಬ್ಬರ್ ಮುಂಬೈಯಲ್ಲಿ 'ಏಕ್‌ಜುಟ್' ನಾಟಕ ತಂಡ ಕಟ್ಟಿದರು, ನೂರ್ ಜಹೀರ್ ಮನೆಯ ನೆನಪುಗಳನ್ನು 'ಮೇರೆ ಹಿಸ್ಸೆ ಕೀ ರೋಶನಾಯಿ' ಅಂತ ಹಿಂದಿಯಲ್ಲಿ ಬರೆದರು. ತಂದೆ ಪಾಕಿಸ್ತಾನದ ಜೈಲಿನಲ್ಲಿ ಬರೆದ ಚಳವಳಿಯ ಚರಿತ್ರೆಯ ಹೆಸರು 'ರೋಶನಾಯಿ'. ತನ್ನ ಪಾಲಿನ ಶಾಯಿ ಎಷ್ಟು ಅಂತ ಮಗಳು ಕೇಳಿದ ಹಾಗಿದೆ ಆ ಹೆಸರು.

ನಮ್ಮ ಬಳಗದಲ್ಲಿ ಉರ್ದು ಓದಬಲ್ಲವರು ಕಡಿಮೆಯೇನಿಲ್ಲ. 'ಜರ್ದ್ ಗುಲಾಬ್' ಸಿಕ್ಕಿದವರು ಅದರಿಂದ ಒಂದು ಕಥೆಯನ್ನಾದರೂ ನೇರ ಕನ್ನಡಕ್ಕೆ ತನ್ನಿ. ಹಿಂದಿ ಪಠ್ಯದಿಂದ 'ನಮಕ್' ಅನ್ನು ನಾನು ಅರ್ಧ ಮಾಡಿಟ್ಟಿದ್ದೇನೆ, ಸಫಿಯಾ ಇನ್ನೂ ಲಾಹೋರಿನಲ್ಲೇ ಇದ್ದಾಳೆ.