ರಾತ್ರಿಯ ಚಿತ್ರದಲ್ಲಿ ಉಳಿಯುವವರು

ಎಪ್ಪತ್ತರ ದಶಕದಲ್ಲಿ ಹಿರೋಶಿ ಸುಗಿಮೊಟೊ ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನ ಅಗ್ಗದ ಚಿತ್ರಮಂದಿರವೊಂದಕ್ಕೆ ಪ್ರವಾಸಿಯ ಸೋಗಿನಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ಹೋದರು. ಸಿನಿಮಾ ಶುರುವಾದಾಗ ಶಟರ್ ತೆರೆದರು, ಮುಗಿದಾಗ ಮುಚ್ಚಿದರು. ಮಾಡಿದ್ದು ಅಷ್ಟೇ. ಸೆಕೆಂಡಿಗೆ 24ರಂತೆ ಎರಡು ಗಂಟೆಯ ಸಿನಿಮಾದಲ್ಲಿ 1,72,800 ಚೌಕಟ್ಟುಗಳಿರುತ್ತವೆ. ಅವೆಲ್ಲ ಒಂದೇ ಫಿಲ್ಮಿನ ಮೇಲೆ ಬಿದ್ದರೆ ಏನು ಉಳಿಯುತ್ತದೆ? ಒಂದು ಬಿಳಿ ಆಯತ. ನಾಯಕಿಯ ಅಳು, ಬೆನ್ನಟ್ಟುವ ಕಾರು, ಕೊನೆಯ ಮುತ್ತು ಯಾವುದೂ ಇಲ್ಲ. ಕತೆಯೆಲ್ಲ ಸುಟ್ಟುಹೋಗಿ ಪರದೆ ಮಾತ್ರ ಉರಿಯುತ್ತಿರುತ್ತದೆ. ಅದರ ಬೆಳಕಿನಲ್ಲಿ ಸಾಲು ಕುರ್ಚಿಗಳೂ ಗೋಡೆಯ ಗಾರೆ ಕೆಲಸವೂ ಕಾಣುತ್ತವೆ.

‘ಥಿಯೇಟರ್ಸ್’ ಎಂಬ ಈ ಸರಣಿಯ ಬಗ್ಗೆ ಬರೆದವರು ಸಾಮಾನ್ಯವಾಗಿ ಕಾಲದ ಬಗ್ಗೆ ಬರೆಯುತ್ತಾರೆ. ಕಾಲವೆಲ್ಲ ಒಂದು ಕ್ಷಣಕ್ಕೆ ಇಳಿದು ಬಂತು, ತುಂಬಿದ್ದೇ ಶೂನ್ಯವಾಯಿತು, ಇತ್ಯಾದಿ. ತಪ್ಪೇನಲ್ಲ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಕುರ್ಚಿಗಳ ಕಡೆಗೆ. ಜನ ಕೂತು ನೋಡುತ್ತಿದ್ದ ಪ್ರದರ್ಶನದಲ್ಲೂ ಚಿತ್ರದಲ್ಲಿ ಕುರ್ಚಿಗಳು ಖಾಲಿಯಾಗಿಯೇ ಕಾಣುತ್ತವೆ. ಕತ್ತಲಲ್ಲಿ ಮಿಸುಕಾಡುವ, ಪಕ್ಕದವರ ಕಡೆ ವಾಲುವ, ನಗುವ ದೇಹ ಅಷ್ಟು ದೀರ್ಘ ಎಕ್ಸ್‌ಪೋಶರ್‌ನಲ್ಲಿ ದಾಖಲಾಗುವುದಿಲ್ಲ. ಕಟ್ಟಡ ಉಳಿಯುತ್ತದೆ, ಪ್ರೇಕ್ಷಕ ಅಳಿಸಿಹೋಗುತ್ತಾನೆ. 1993ರ ಡ್ರೈವ್-ಇನ್ ಚಿತ್ರಗಳಲ್ಲಂತೂ ಪರದೆಯ ಹಿಂದಿನ ಆಕಾಶದಲ್ಲಿ ನಕ್ಷತ್ರಗಳು, ವಿಮಾನಗಳು ಗೆರೆ ಎಳೆದು ಹೋಗಿವೆ. ಕದಲಿದರೂ ಗುರುತು ಬಿಡುವ ಅದೃಷ್ಟ ಸ್ವಂತ ಬೆಳಕಿದ್ದವರಿಗೆ ಮಾತ್ರ. ಮುಂದೆ ಸುಗಿಮೊಟೊ ಪಾಳುಬಿದ್ದ ಚಿತ್ರಮಂದಿರಗಳಿಗೂ ಹೋಗಿ, ತಾವೇ ಸಿನಿಮಾ ಹಾಕಿ ಚಿತ್ರ ತೆಗೆದರು. ಗಾಂಧಿನಗರದ ಕಪಾಲಿ, ಎಂ.ಜಿ. ರಸ್ತೆಯ ಪ್ಲಾಜಾ ಕಳೆದುಕೊಂಡ ಬೆಂಗಳೂರಿಗರಿಗೆ ಅವನ್ನು ನೋಡುವುದು ಸುಲಭವಲ್ಲ. ಚಂದವೇನೋ ಹೌದು. ಆ ಚಂದಕ್ಕೆ ಜನ ಇಲ್ಲದಿರುವುದೇ ಷರತ್ತೇನೋ ಎಂಬ ಅನುಮಾನ ನನಗಿದೆ.

ಇದೇ ದಶಕದಲ್ಲಿ, ಟೋಕಿಯೋದಲ್ಲಿ, ಕೊಹೆ ಯೊಶಿಯುಕಿ ಇದಕ್ಕೆ ಪೂರ್ತಿ ತದ್ವಿರುದ್ಧವಾದ ಕೆಲಸ ಮಾಡುತ್ತಿದ್ದರು. ಶಿಂಜುಕು ಮುಂತಾದ ಕಡೆಯ ಉದ್ಯಾನಗಳಿಗೆ ರಾತ್ರಿ ಪ್ರೇಮಿಗಳು ಬರುತ್ತಿದ್ದರು. ಅವರನ್ನು ಕದ್ದು ನೋಡಲು ಪೊದೆಗಳ ಹಿಂದೆ ಗಂಡಸರು ತೆವಳಿಕೊಂಡು ಬರುತ್ತಿದ್ದರು. ಯೊಶಿಯುಕಿ ಇನ್‌ಫ್ರಾರೆಡ್ ಫಿಲ್ಮು, ಇನ್‌ಫ್ರಾರೆಡ್ ಫ್ಲಾಶ್ ಬಳಸಿ ಈ ಇಬ್ಬರನ್ನೂ ಹಿಡಿದರು. ಸುಗಿಮೊಟೊ ಅವರಲ್ಲಿ ಮಾಯವಾದ ಪ್ರೇಕ್ಷಕ ಇಲ್ಲಿ ಚಿತ್ರದ ನಟ್ಟನಡುವೆ ಮಂಡಿಯೂರಿ ಕೂತಿದ್ದಾನೆ. 1979ರ ಪ್ರದರ್ಶನದಲ್ಲಿ ಅವರು ಗ್ಯಾಲರಿಯ ದೀಪಗಳನ್ನೆಲ್ಲ ಆರಿಸಿ ಬಂದವರ ಕೈಗೆ ಟಾರ್ಚ್ ಕೊಟ್ಟರು. ಆಳೆತ್ತರದ ಚಿತ್ರಗಳನ್ನು ಕತ್ತಲಲ್ಲಿ ತಡಕಾಡಿ ನೋಡಬೇಕು. ನೋಡುವವನೂ ಆ ಪೊದೆಯ ಸಾಲಿಗೇ ಸೇರಿದ.

ಆ ಟಾರ್ಚಿನ ಉಪಾಯವನ್ನು ಹೊಗಳುವುದು ಸುಲಭ, ಎಲ್ಲರೂ ಹೊಗಳಿದ್ದಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿತ. ‘ನೀನೂ ತಪ್ಪಿತಸ್ಥ’ ಎಂದು ಪ್ರೇಕ್ಷಕನಿಗೆ ಹೇಳಿದ ಮಾತ್ರಕ್ಕೆ, ಹುಲ್ಲಿನ ಮೇಲೆ ಮಲಗಿರುವ ಆ ಹೆಣ್ಣಿಗೆ ಕಲಾವಿದ ಕೊಡಬೇಕಾದ ಉತ್ತರ ಕೊಟ್ಟಂತಾಗುವುದಿಲ್ಲ. ಕತ್ತಲೆಯನ್ನು ನಂಬಿ ಬಂದವಳು ಅವಳು. ಮನುಷ್ಯನ ಕಣ್ಣಿಗೆ ಬೀಳದ ಬೆಳಕೊಂದು ಅವಳ ಮೇಲೆ ಬಿದ್ದಿತು ಎಂಬುದೇ ಅವಳಿಗೆ ತಿಳಿದಿರಲಾರದು.

ಈ ಎರಡನ್ನೂ ಬದಿಗಿಟ್ಟುಕೊಂಡು ಧ್ರುವ ಮಲ್ಹೋತ್ರಾ ಅವರ ‘ಸ್ಲೀಪರ್ಸ್’ ನೋಡಬೇಕು. ಭಾರತದ ನಗರಗಳಲ್ಲಿ ಬಯಲಲ್ಲಿ, ರಸ್ತೆ ಬದಿಯಲ್ಲಿ ರಾತ್ರಿ ಮಲಗಿರುವವರ ಬಣ್ಣದ ಚಿತ್ರಗಳು. ಫ್ಲಾಶ್ ಇಲ್ಲ, ಇರುವ ಬೀದಿದೀಪದ ಬೆಳಕಿನಲ್ಲೇ ದೀರ್ಘ ಎಕ್ಸ್‌ಪೋಶರ್. ತಾಂತ್ರಿಕವಾಗಿ ಇದು ಸುಗಿಮೊಟೊ ಅವರ ದಾರಿ. ಆದರೆ ಫಲ ಉಲ್ಟಾ: ಎಚ್ಚರವಿದ್ದು ಓಡಾಡುವವರು ಅಳಿಸಿಹೋಗುತ್ತಾರೆ, ವಾಹನಗಳು ಬರೀ ಗೆರೆಯಾಗುತ್ತವೆ, ನಿದ್ದೆ ಹೋದವನೊಬ್ಬ ಸ್ಪಷ್ಟವಾಗಿ ಉಳಿಯುತ್ತಾನೆ. ಹಗಲಲ್ಲಿ ನಾವು ಯಾರನ್ನು ದಾಟಿ ಹೋಗುತ್ತೇವೋ ಅವನೇ ನಗರದ ಚಿತ್ರದಲ್ಲಿ ನಿಲ್ಲುವ ಏಕೈಕ ಮನುಷ್ಯ.

ಫ್ರಾನ್ಸಿನ ತಿಯೆರಿ ಕೊಹೆನ್ ಇಂಥ ನಗರದ ದೀಪಗಳನ್ನೇ ತೆಗೆದುಹಾಕಿ, ಅದೇ ಅಕ್ಷಾಂಶದ ಮರುಭೂಮಿಯ ನಕ್ಷತ್ರಾಕಾಶವನ್ನು ಮೇಲೆ ಜೋಡಿಸುತ್ತಾರೆ. ಬೆಳಕಿನ ಮಾಲಿನ್ಯದ ಬಗ್ಗೆ ಉಪಯುಕ್ತ ಪಾಠ. ಗೋಡೆಗೆ ತೂಗುಹಾಕಲೂ ಸೊಗಸು. ಆದರೆ ಆ ಕಪ್ಪು ಕಟ್ಟಡಗಳ ಕೆಳಗೆ ಯಾರಾದರೂ ಮಲಗಿದ್ದಾರೆಯೇ ಎಂದು ಅವು ಕೇಳುವುದಿಲ್ಲ.

ಮಲ್ಹೋತ್ರಾ ಕೂಡ ಅನುಮತಿಯ ಪ್ರಶ್ನೆಯಿಂದ ಪಾರಾಗುವುದಿಲ್ಲ. ನಿದ್ದೆಯಲ್ಲಿದ್ದವನನ್ನು ಕೇಳುವುದು ಹೇಗೆ? ಎಬ್ಬಿಸಿ ಕೇಳಿದರೆ ಚಿತ್ರವೇ ಇಲ್ಲ. ಹಾಗಿದ್ದೂ ಯೊಶಿಯುಕಿಯವರ ಫ್ಲಾಶಿಗೂ ಇದಕ್ಕೂ ವ್ಯತ್ಯಾಸವಿದೆ ಎಂದೇ ನನ್ನ ವಾದ. ಫ್ಲಾಶ್ ಕ್ಷಣದಲ್ಲಿ ಕಿತ್ತುಕೊಳ್ಳುತ್ತದೆ. ದೀರ್ಘ ಎಕ್ಸ್‌ಪೋಶರ್‌ಗೆ ಛಾಯಾಗ್ರಾಹಕ ಅಷ್ಟು ಹೊತ್ತು ಅಲ್ಲೇ ನಿಂತಿರಬೇಕು, ಅದೇ ಸೊಳ್ಳೆ, ಅದೇ ಧೂಳಿನಲ್ಲಿ. ಮಲಗಿದವನು ಮಗ್ಗುಲು ಬದಲಿಸಿದರೆ ಚಿತ್ರ ಕೆಡುತ್ತದೆ. ಅಂದರೆ ಅದನ್ನು ಕೆಡಿಸುವ ಅಧಿಕಾರ, ಗೊತ್ತಿಲ್ಲದೆಯೇ, ಅವನ ಬಳಿಯೂ ಇದೆ. ಬಯಲಲ್ಲಿ ಮಲಗುವ ಎಷ್ಟೋ ಜನ ಹೊದಿಕೆಯನ್ನು ಮುಖದ ಮೇಲೂ ಎಳೆದುಕೊಳ್ಳುತ್ತಾರೆ. ಸೊಳ್ಳೆಗಷ್ಟೇ ಅಲ್ಲ, ತಲೆಯ ಮೇಲೆ ಬೆಳಗಿನವರೆಗೂ ಉರಿಯುವ, ಆರಿಸಲು ಸ್ವಿಚ್ಚೇ ಇಲ್ಲದ ಆ ದೀಪಕ್ಕೂ.