ಅಂಗಳಕ್ಕೆ ಬಂದ ಅವ್ವಂದಿರು

ಸುಗ್ಗಿ ಮುಗಿದು ಬೇವಿನ ಮರ ಚಿಗುರುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಅಂಗನವಾಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಬಾಲಮೇಳ ನಡೆಯುತ್ತದೆ. ಮೂರರಿಂದ ಆರು ವರ್ಷದ ಮಕ್ಕಳು ಏನೇನು ಕಲಿತಿದ್ದಾರೆ ಎಂಬುದನ್ನು ಅವ್ವ ಅಪ್ಪಂದಿರ ಮುಂದಿಡುವ ದಿನ ಅದು. ಮರುದಿನ ಪತ್ರಿಕೆಯಲ್ಲಿ ಒಂದು ಫೋಟೊ, ಉದ್ಘಾಟಿಸಿದವರ ಹೆಸರು. ಮೇಳದ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಮಕ್ಕಳು ಅಲ್ಲಿ ಏನು ಮಾಡಿದರು, ಹೆತ್ತವರು ಏನು ಕಂಡರು ಎಂದು ಯಾರೂ ಬರೆಯುವುದಿಲ್ಲ. ಈ ಜಿಲ್ಲೆಯ ಶಿಶುಶಿಕ್ಷಣದಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಆಲೋಚನೆಗಳಲ್ಲಿ ಬಾಲಮೇಳವೂ ಒಂದು. ಕೈತಪ್ಪಿದರೆ ಅಷ್ಟೇ ಬೇಗ ಕೆಡುವಂಥದ್ದೂ ಹೌದು. ಹಾಗಾಗಿ ಅದನ್ನು ಹೊಗಳಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ.

ಚೆನ್ನಾಗಿ ನಡೆದ ಮೇಳ ಹೇಗಿರುತ್ತದೆ? ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವೇದಿಕೆಯೇ ಇರಲಿಲ್ಲ. ಗೋಡೆಗುಂಟ ಜಮಖಾನ ಹಾಸಿ ಒಂದೊಂದು ಮೂಲೆಗೆ ಒಂದೊಂದು ಕೆಲಸ ಇಟ್ಟಿದ್ದರು. ಒಂದೆಡೆ ಮಣ್ಣು, ಒಂದೆಡೆ ಬಣ್ಣ, ಇನ್ನೊಂದೆಡೆ ಅಳೆಯಲು ನೀರು ಮತ್ತು ಲೋಟಗಳು. ಕಾಳಿನ ಮೂಲೆಯಲ್ಲಿ ತೊಗರಿ, ಕಡಲೆ, ಹೆಸರು, ಜೋಳ ಬೆರೆಸಿದ ಪರಾತ. ನಾಲ್ಕು ವರ್ಷದ ಹುಡುಗಿಯೊಬ್ಬಳು ಕಾಳು ಬೇರೆ ಮಾಡುತ್ತಾ ಕೂತಿದ್ದಳು. ಪಕ್ಕದಲ್ಲಿದ್ದ ಅವ್ವನ ಕೈ ಮತ್ತೆ ಮತ್ತೆ ಪರಾತಕ್ಕೆ ಹೋಗುತ್ತಿತ್ತು. ಕಾರ್ಯಕರ್ತೆ ತಡೆದರು: ‘ನೀವು ಸುಮ್ಮ ಕುಂದರ್ರಿ ಅಕ್ಕಾರ, ಅಕಿ ಏನ್ ಮಾಡ್ತಾಳ ನೋಡ್ರಿ.’ ಹುಡುಗಿ ನಾಲ್ಕೂ ಕಾಳನ್ನು ಬೇರೆ ಮಾಡಿದ ಮೇಲೂ ಏಳಲಿಲ್ಲ. ತೊಗರಿಯ ಗುಂಪಿನಿಂದ ಸೊಟ್ಟ ಕಾಳು, ಹುಳುಕು ಕಾಳು ತೆಗೆದು ಇನ್ನೊಂದು ಗುಂಪು ಮಾಡಿದಳು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವ್ವ ಮಾತ್ರ ಥಟ್ಟನೆ ಗುರುತಿಸಿದಳು: ‘ಬಿತ್ತಾಕ ನಾವೂ ಹಿಂಗ ಆರಸ್ತೀವ್ರಿ.’

ಬಾಲಮೇಳದ ಬೆಲೆ ಇರುವುದು ಆ ಒಂದು ಮಾತಿನಲ್ಲಿ. ಮಗು ಮಾಡಿದ್ದು ಗಣಿತದ ಮೊದಲ ಹೆಜ್ಜೆ: ಹೋಲಿಸುವುದು, ಗುಂಪು ಮಾಡುವುದು, ಗುಂಪಿನೊಳಗೆ ಮತ್ತೊಂದು ಗುಂಪು ಕಾಣುವುದು. ಅದನ್ನು ಅದು ಎಲ್ಲಿ ಕಲಿತಿತ್ತು ಎಂಬುದು ಅವ್ವನಿಗೆ ಗೊತ್ತಾಯಿತು. ತನ್ನಿಂದಲೇ ಕಲಿತಿದೆ ಎಂಬುದೂ ಗೊತ್ತಾಯಿತು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ನ್ನೂ ಮುಟ್ಟಿರಲಿಲ್ಲ, ರಾಜ್ಯದಲ್ಲೇ ಅತಿ ಕಡಿಮೆ. ಹೆಂಗಸರಲ್ಲಿ ಅದು ಶೇ 41ರಷ್ಟು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ತಾಯಂದಿರಿಗೆ ಶಾಲೆ ಎಂದರೆ ಹೆಬ್ಬೆಟ್ಟು ಒತ್ತುವ ಜಾಗ, ತಲೆ ತಗ್ಗಿಸುವ ಜಾಗ. ಕಾಳು, ಮಣ್ಣು, ಹಾಡು, ಒಗಟುಗಳಿಂದ ಕಲಿಕೆ ಶುರುವಾದಾಗ ಅವರು ಅಲ್ಲಿ ಬಲ್ಲವರಾಗಿ ಕೂರುತ್ತಾರೆ. ಇಂಥ ಗೌರವ ಕೊಡುವ ಸರ್ಕಾರಿ ಕಾರ್ಯಕ್ರಮ ನಮ್ಮಲ್ಲಿ ಇನ್ನೊಂದಿದೆಯೇ?

ಈ ಗೌರವ ಅಂಗನವಾಡಿಯ ಹುಟ್ಟಿನಲ್ಲೇ ಇತ್ತು. 1940ರ ದಶಕದಲ್ಲಿ ಶಿಶುಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ ಅನುತಾಯಿ ವಾಘ್ ಜೊತೆ ಕೋಸಬಾಡದಲ್ಲಿ, ಶಾಲೆಗೆ ಬಾರದ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ದುಬಾರಿ ಆಟಿಕೆ ಬಿಟ್ಟು ಅಲ್ಲೇ ಸಿಗುವ ಬೀಜ, ಎಲೆ, ಕಲ್ಲುಗಳನ್ನು ಕಲಿಕೆಯ ಸಾಮಾನು ಮಾಡಿಕೊಂಡರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ದೇಶ ಎತ್ತಿಕೊಂಡದ್ದು ಅವರ ‘ಅಂಗನವಾಡಿ’ ಎಂಬ ಹೆಸರನ್ನೇ. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಹಾಡು, ಕತೆ, ಆಟದ ಮೂಲಕ ಕಲಿಸುವ ‘ಚಿಲಿಪಿಲಿ’ ಈಗ ನಮ್ಮ ಅಂಗನವಾಡಿಗಳ ಪಠ್ಯಕ್ರಮ. ಯಾದಗಿರಿ ಜಿಲ್ಲೆಯ ಅಂಗನವಾಡಿಗಳಲ್ಲಿ ಟಾಟಾ ಟ್ರಸ್ಟ್ಸ್ ಬೆಂಬಲದ ‘ಕಲಿಕೆ’ ಸಂಸ್ಥೆ ಕೆಲಸ ಮಾಡುತ್ತ ಬಂದಿದೆ; ಸುರಪುರದ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2000ರ ದಶಕದಿಂದಲೇ ಇದೆ. ಅಂದರೆ ಇಲ್ಲಿ ಆಲೋಚನೆಗೂ ಅನುಭವಕ್ಕೂ ಬರವಿಲ್ಲ.

ಹಾಗಿದ್ದೂ ಅನೇಕ ಮೇಳಗಳು ಎಡವುತ್ತವೆ. ಶಾಮಿಯಾನ, ಮೈಕು, ಅತಿಥಿಗಳ ಸಾಲು ಬಂತೆಂದರೆ ಮಕ್ಕಳು ಕೆಲಸ ಬಿಟ್ಟು ಪ್ರದರ್ಶನಕ್ಕೆ ನಿಲ್ಲುತ್ತಾರೆ. ಚೆನ್ನಮ್ಮನ ವೇಷ ಹಾಕಿದ ಮಗು ಗಂಟೆಗಟ್ಟಲೆ ಸೆಕೆಯಲ್ಲಿ ಬೇಯುತ್ತದೆ. ಬಾಯಿಪಾಠದ ಇಂಗ್ಲಿಷ್ ಹಾಡಿಗೆ ಚಪ್ಪಾಳೆ ಬೀಳುತ್ತದೆ. ಮೂಲೆಗಳಲ್ಲಿ ಇಟ್ಟ ಮಣ್ಣು, ಬಣ್ಣಗಳನ್ನು ‘ಸಾಹೇಬರು ಬಂದು ನೋಡೋ ತನಕ ಮುಟ್ಟಬ್ಯಾಡ್ರಿ’ ಎಂದು ಕಾಯುತ್ತಾರೆ. ತಾಯಂದಿರು ಕುರ್ಚಿಯ ಮೇಲೆ ಪ್ರೇಕ್ಷಕರಾಗಿ ಕೂತ ಮೇಲೆ ಬಾಲಮೇಳಕ್ಕೂ ವಾರ್ಷಿಕೋತ್ಸವಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಇದರ ತಪ್ಪನ್ನು ಕಾರ್ಯಕರ್ತೆಯರ ತಲೆಗೆ ಕಟ್ಟುವುದು ಅನ್ಯಾಯ. ಅವರನ್ನು ಆಳುತ್ತಿರುವುದು ಭಯ. ಹಳ್ಳಿಯಿಂದ ಹಳ್ಳಿಗೆ ಕಾನ್ವೆಂಟಿನ ಹಳದಿ ವ್ಯಾನು ಬರುತ್ತಿದೆ. ಮಗು ಮನೆಗೆ ಬಂದು ‘ಎ ಫಾರ್ ಆ್ಯಪಲ್’ ಅಂದರೆ ಅಪ್ಪನ ಕಿವಿಗೆ ಅದು ಕಲಿಕೆ. ಕಾಳು ಆರಿಸಿದರೆ ಅದು ಆಟ. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಸರ್ಕಾರ ಮುಂದಾದಾಗ ಅಂಗನವಾಡಿ ನೌಕರರು ಬೀದಿಗಿಳಿದು ಪ್ರತಿಭಟಿಸಿದರು. ಮಕ್ಕಳೇ ಬಾರದಿದ್ದರೆ ತಮ್ಮ ಕೇಂದ್ರ ಉಳಿದೀತೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಕಾನ್ವೆಂಟನ್ನು ಅನುಕರಿಸಿ ಅದರೊಡನೆ ಸ್ಪರ್ಧಿಸಿದರೆ ಸೋಲು ಅಂಗನವಾಡಿಯದೇ. ಆಟದಲ್ಲಿ ಕಲಿಕೆ ಇದೆ ಎಂದು ಹೆತ್ತವರ ಕಣ್ಣೆದುರು ತೋರಿಸಿಕೊಡುವ ಒಂದೇ ಅವಕಾಶ ಬಾಲಮೇಳ. ಅದನ್ನೇ ಬಾಯಿಪಾಠಕ್ಕೆ ಬಿಟ್ಟುಕೊಟ್ಟರೆ ಇನ್ನೇನು ಉಳಿಯಿತು?

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಮೇಳ ನಡೆಯುವುದು ವಸಂತದಲ್ಲಿ, ಮೇಳದೊಳಗೆ ಮಾತ್ರ ವಸಂತ ಇರುವುದಿಲ್ಲ. ಗೋಡೆಯ ಮೇಲೆ ಥರ್ಮಾಕೋಲಿನ ಮಾವು, ಸೇಬು. ಹೊರಗೆ ಹಣ್ಣಾಗಿ ಜೋತು ಬಿದ್ದ ಹುಣಸೆ, ಹೂ ಉದುರಿಸುವ ಬೇವು, ಗುಡ್ಡದಂಚಿನಲ್ಲಿ ಕೆಂಪಗೆ ಉರಿಯುವ ಮುತ್ತುಗ. ಸೀತನಿ ತಿಂದು, ಸುಲಗಾಯಿ ಸುಲಿದು, ಹೋಳಿಗೆ ಹಲಗಿ ಬಡಿದ ಮಕ್ಕಳು ಇವರು. ಹಲಗಿಯ ತಾಳಕ್ಕೆ ಹೆಜ್ಜೆ ಹಾಕುವುದು, ಹುಣಸೆ ಬೀಜ ಎಣಿಸುವುದು, ಬೇವಿನ ಚಿಗುರೆಲೆಯನ್ನೂ ಬಲಿತ ಎಲೆಯನ್ನೂ ಮುಟ್ಟಿ ಹೋಲಿಸುವುದು — ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಶಹಾಪುರದ ಮಕ್ಕಳಿಗಂತೂ ಕಣ್ಣೆದುರೇ ಮಲಗಿದ ಬುದ್ಧನ ಗುಡ್ಡವಿದೆ. ಅದರ ಹಣೆ, ಮೂಗು, ಎದೆ ಗುರುತಿಸಿ ಮಣ್ಣಲ್ಲಿ ಮಾಡು ಎಂದರೆ ಯಾವ ಮಗು ಬೇಡವೆನ್ನುತ್ತದೆ? ಮಾತಿನ ವಿಷಯವೂ ಹೀಗೆಯೇ. ತಾಂಡಾದ ಮಗು ಲಂಬಾಣಿಯಲ್ಲಿ, ಗುರುಮಠಕಲ್ ಕಡೆಯದು ತೆಲುಗಿನಲ್ಲಿ, ಪಟ್ಟಣದ ಓಣಿಯದು ಉರ್ದುವಿನಲ್ಲಿ ಹಾಡು ಕಲಿತು ಬಂದಿರುತ್ತದೆ. ಮೇಳದಲ್ಲಿ ಆ ಹಾಡುಗಳು ಕೇಳಿಸುವುದು ತೀರಾ ಅಪರೂಪ.

ಆಹಾರದ ಮೂಲೆಯನ್ನು ಮಾತ್ರ ಮನಸಾರೆ ಮೆಚ್ಚಬೇಕು. ಸಜ್ಜೆ ರೊಟ್ಟಿ, ಶೇಂಗಾ ಉಂಡೆ, ನುಗ್ಗೆಸೊಪ್ಪಿನ ಪಲ್ಯ ತಾಯಂದಿರೇ ಮಾಡಿ ತರುತ್ತಾರೆ, ಒಬ್ಬರದನ್ನು ಒಬ್ಬರು ರುಚಿ ನೋಡುತ್ತಾರೆ, ಹೇಗೆ ಮಾಡಿದಿ ಎಂದು ಕೇಳುತ್ತಾರೆ. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಯಾದಗಿರಿ ಇತ್ತು. ಅಪೌಷ್ಟಿಕತೆ ಇಲ್ಲಿ ಅಷ್ಟು ತೀವ್ರ. ಅಧಿಕಾರಿಯ ಭಾಷಣಕ್ಕಿಂತ ನೆರೆಮನೆಯವಳ ರೊಟ್ಟಿ ಹೆಚ್ಚು ಹೇಳಿಕೊಡುತ್ತದೆ.

ಕೊನೆಯದಾಗಿ, ಮೇಳಕ್ಕೆ ಬಾರದವರ ಮಾತು. ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಈ ತಿಂಗಳುಗಳೆಂದರೆ ಮೆಣಸಿನಕಾಯಿ ಬಿಡಿಸುವ ಕಾಲ. ಕೂಲಿ ಹೆಂಗಸರು ಬೆಳಿಗ್ಗೆ ಹೊಲಕ್ಕೆ ಹೋದರೆ ಮರಳುವುದು ಹೊತ್ತು ಮುಳುಗಿದ ಮೇಲೆ. ಸಣ್ಣ ಮಕ್ಕಳು ಹೊಲದ ಬದುವಿನಲ್ಲೇ. ಒಣಭೂಮಿಯ ತಾಂಡಾಗಳಿಂದ ಇಡೀ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿರುತ್ತವೆ. ಹನ್ನೊಂದು ಗಂಟೆಯ ಮೇಳಕ್ಕೆ ಬರುವವರು ಊರಲ್ಲಿ ಉಳಿದು, ಕೂಲಿ ಬಿಟ್ಟು ಬರಬಲ್ಲವರು. ಯಾರಿಗೆ ಇದು ಹೆಚ್ಚು ಬೇಕೋ ಅವರೇ ಹೊರಗೆ. ಒಂದು ದಿನದ ಕೂಲಿ ಕಳೆದುಕೊಂಡು ಬಾ ಎಂದು ತಾಯಿಗೆ ಹೇಳುವ ಹಕ್ಕು ನಮಗಿಲ್ಲ.

ದಿನಾಂಕ ಬರುವುದು ಮೇಲಿನಿಂದ, ಅತಿಥಿಗಳ ಬಿಡುವು ನೋಡಿಕೊಂಡು. ಅದನ್ನು ಕಾರ್ಯಕರ್ತೆಗೂ ಅಂಗನವಾಡಿಯ ಬಾಲವಿಕಾಸ ಸಮಿತಿಗೂ ಬಿಡಬೇಕು. ಮೆಣಸಿನಕಾಯಿ ಮುಗಿದ ಮೇಲೆ, ಗುಳೆ ಹೋದವರು ಯುಗಾದಿಗೋ ಜಾತ್ರೆಗೋ ಊರಿಗೆ ಬಂದಾಗ, ಬಿಸಿಲು ಇಳಿದ ಸಂಜೆ ಐದಕ್ಕೆ ಅಂಗಳದಲ್ಲಿ ಜಮಖಾನ ಹಾಸಲಿ. ಅತಿಥಿಗಳು ಬಂದರೆ ಅವರೂ ನೆಲದ ಮೇಲೆ ಕೂತು ಒಂದಿಷ್ಟು ಕಾಳು ಆರಿಸಲಿ.